ಬಲಕ್ಕೆ ಕಂಡ ದೋಣಿ

"ಕೆಳಗೆ ಏನೂ ಇಲ್ಲ! ಬರೀ ಕೆಸರು!"

ಮುಳುಗುಗಾರ ನೀರಿನಿಂದ ತಲೆ ಎತ್ತಿ ಕೂಗಿದಾಗ ಕಡಲಳತೆ ಕಚೇರಿಯ ಆರ್ಸೆಲಿಯ ಮುಖ ಬಿಳಿಚಿಕೊಂಡಿತು. ಅವಳು ಯಂತ್ರದಿಂದ ತೆಗೆದು ಕೈಯಲ್ಲಿ ಹಿಡಿದಿದ್ದ ಚಿತ್ರದಲ್ಲಿ ಅಂಬೋನ ಮೀನುದೋಣಿ ಕಡಲತಳದಲ್ಲಿ ಒರಗಿ ಮಲಗಿತ್ತು. ಅದರ ಮೂತಿ, ಮಗುಚದಂತೆ ಪಕ್ಕಕ್ಕೆ ಕಟ್ಟಿದ ಬಿದಿರಿನ ತೋಳು ಎಲ್ಲವೂ ಸ್ಪಷ್ಟ. ಚಿತ್ರ ತೋರಿಸಿದ ಜಾಗದಲ್ಲಿ ಮಾತ್ರ ದೋಣಿಯೂ ಇರಲಿಲ್ಲ, ಅದರೊಂದಿಗೆ ಮುಳುಗಿದ ಅಂಬೋನೂ ಇರಲಿಲ್ಲ.

ಮರುದಿನವೂ ಹುಡುಕಿದರು. ಇಲ್ಲ. ಅದರ ಮರುದಿನ ಬೆಳಿಗ್ಗೆ ಅದೇ ಕಚೇರಿಯ ಹಳಬ ತೆಬಾನ್ ಸಣ್ಣ ದೋಣಿಯಲ್ಲಿ ಹೋಗಿ ಬೇರೊಂದು ಕಡೆ ತೇಲುಬುರುಡೆ ಎಸೆದ. ಮುಳುಗುಗಾರರು ಅಲ್ಲೇ ಇಳಿದರು. ದೋಣಿ ಸಿಕ್ಕಿತು, ಹೆಣವೂ ಸಿಕ್ಕಿತು.

ಸರಿ, ಗಿಮಾರಸ್ ದ್ವೀಪದ ದಡದಲ್ಲೆಲ್ಲ ತೆಬಾನನದೇ ಜಪ! ಕಚೇರಿಯ ಸಾಹೇಬರು ಆರ್ಸೆಲಿಗೆ ಹೇಳಿದ್ದು ಒಂದೇ ಮಾತು: "ಸುಳ್ಳು ಚಿತ್ರ ಹುಟ್ಟಿಸಿದೀಯ. ಸಂಜೆಯೊಳಗೆ ಕೆಲಸ ಬಿಟ್ಟು ಹೋಗು."

ಅವಳು ಅಳುತ್ತ ಬಂದದ್ದು ಕರಾವಳಿ ಕಾವಲು ಪಡೆಯ ಪುರಿತಾಳ ಹತ್ತಿರ. ನಾನೂ ಪುರಿತಾಳೂ ಒಟ್ಟಿಗೇ ಕೆಲಸಕ್ಕೆ ಸೇರಿದವರು. ಅವಳೀಗ ತನಿಖಾಧಿಕಾರಿ, ನಾನು ಅವಳ ದೋಣಿ ಓಡಿಸುವವ. ಹೊಟ್ಟೆ ಉರಿಯುವುದಿಲ್ಲವೇ ಎಂದು ಕೇಳಬೇಡಿ. ಉರಿಯುತ್ತದೆ, ಚೆನ್ನಾಗಿಯೇ ಉರಿಯುತ್ತದೆ.

"ನೋಡು ಎರ್ನಿಂಗ್," ಎಂದಳು ಪುರಿತಾ ಚಿತ್ರವನ್ನು ನನ್ನತ್ತ ತಳ್ಳಿ. "ಏನು ಕಾಣ್ಸುತ್ತೆ?"

"ದೋಣಿ."

"ಎಲ್ರಿಗೂ ಕಂಡಿದ್ದು ಅದೇ," ಎಂದು ನಕ್ಕಳು. ಆ ನಗುವೆಂದರೆ ನನಗೆ ಆಗುವುದಿಲ್ಲ.

ಆ ಯಂತ್ರದ ಕೆಲಸ ಇಷ್ಟೆ. ಮೀನಿನಾಕಾರದ ಒಂದು ಕೊಳವೆಯನ್ನು ದೋಣಿಯ ಹಿಂದೆ ನೀರಿನೊಳಗೆ ಎಳೆದುಕೊಂಡು ಹೋಗುತ್ತಾರೆ. ಅದು ಎಡಕ್ಕೂ ಬಲಕ್ಕೂ ಚುಟುಕು ಸದ್ದು ಬಿಡುತ್ತದೆ. ಮರುದನಿ ಎಷ್ಟು ತಡವಾಗಿ ಬಂತು, ಎಷ್ಟು ಜೋರಾಗಿ ಬಂತು ಎಂದು ನೋಡಿ ಪರದೆಯ ಮೇಲೆ ಕಡಲತಳದ ಚಿತ್ರ ಬರೆಯುತ್ತದೆ. ಎಡದ್ದು ಎಡಕ್ಕೆ, ಬಲದ್ದು ಬಲಕ್ಕೆ.

ಪುರಿತಾ ಎಲ್ಲರನ್ನೂ ಧಕ್ಕೆಯ ಚಪ್ಪರದಡಿ ಸೇರಿಸಿದಳು. ಸಾಹೇಬರು, ಆರ್ಸೆಲಿ, ಅಳತೆಯ ದಿನ ದೋಣಿ ನಡೆಸಿದ್ದ ಗೋರ್ಯೊ, ಅಂದು ಸಹಾಯಕ್ಕೆ ಹೋಗಿದ್ದ ತೆಬಾನ್. ಅಂಬೋನ ಹೆಂಡತಿ ತೋನ್ಯಾ ಮೊದಲೇ ಅಲ್ಲಿದ್ದಳು. ಗಂಡನನ್ನು ಹುಡುಕಿಕೊಟ್ಟ ಪುಣ್ಯಾತ್ಮನಿಗೆಂದು ಬಾಳೆಲೆ ಸುತ್ತಿದ ಸುಮಾನ್ ಎಂಬ ಅಕ್ಕಿಯ ಕಡುಬು ತಂದಿದ್ದಳು.

ನನ್ನ ಅನುಮಾನ ಗೋರ್ಯೊನ ಮೇಲೆ. ಬಾಯಿ ಬಿಟ್ಟರೆ ಬರೀ ಜಗಳ.

"ನನ್ನ ದೋಣೀಲಿ ನಂಗೇ ಹುಕುಂ ಮಾಡ್ತಾಳೆ, ಮೊನ್ನೆ ಬಂದ ಹುಡುಗಿ! ನಿಧಾನ ಹೋಗಿ, ನೇರ ಹೋಗಿ... ನಾನೇನು ಎಮ್ಮೆ ಮೇಯ್ಸಕ್ಕೆ ಬಂದಿದ್ನಾ?"

"ಎಷ್ಟು ಸಲ ಯಂತ್ರ ಎಳ್ಕೊಂಡು ಹೋದ್ರಿ?" ಪುರಿತಾ ಕೇಳಿದಳು.

"ಒಂದೇ ಸಲ. ಆಮೇಲೆ ಸೆಳೆತ ಜಾಸ್ತಿ ಆಯ್ತು."

"ಎಡಕ್ಕೆ ಏನಿತ್ತು?"

"ದಡ. ಮೀನುಬೇಲಿ. ಅದ್ರಲ್ಲಿ ಒಂದು ಬಿದಿರು ಗಳ ಅಲ್ಲಾಡಿದ್ರೂ ಒಡೆಯ ನನ್ನ ವಂಶಾನೇ ಜಾಲಾಡ್ತಾನೆ. ಅದಕ್ಕೇ ಬೇಲಿ ಮೇಲಿಂದ ಕಣ್ಣು ಕೀಳ್ಲಿಲ್ಲ."

"ಬಲಕ್ಕೆ?"

"ಬಲಕ್ಕೇನು? ನಡುಗಡಲು."

ಪುರಿತಾ ಚಿತ್ರವನ್ನು ಮೇಜಿನ ಮೇಲೆ ಹರಡಿದಳು. ಅವಳ ಬೆರಳು ದೋಣಿಯ ಮೇಲಲ್ಲ, ಅಂಚಿನ ಮೇಲೆ ನಿಂತಿತು. ಸಾಲಾಗಿ ಚುಕ್ಕೆಗಳು. ನೆಟ್ಟ ಗಳಗಳು.

"ಹಾಗಾದ್ರೆ ಮೀನುಬೇಲಿ ಬಲಗಡೆ ಯಾಕಿದೆ?"

ನನಗೆ ಕೈ ಕೈ ಹಿಸುಕಿಕೊಳ್ಳುವಂತಾಯಿತು — ಆ ಚುಕ್ಕೆಗಳನ್ನು ನಾನೂ ನೋಡಿದ್ದೆ!

"ಚಿತ್ರ ಸುಳ್ಳಲ್ಲ ಸಾಹೇಬ್ರೇ. ಅದಲು ಬದಲಾಗಿದೆ. ಯಂತ್ರದ ಹಿಂದೆ ಎಡಕ್ಕೆ ಕೆಂಪು ತಂತಿ, ಬಲಕ್ಕೆ ಹಸಿರು. ಅವೆರಡನ್ನೂ ಯಾರೋ ತಿರುವಿ ಚುಚ್ಚಿದ್ರು. ಎಡಗಡೆ ಇದ್ದ ದೋಣಿ ಬಲಗಡೆ ಮೂಡ್ತು. ಇನ್ನೊಂದು ಸಲ ಎದುರು ದಿಕ್ಕಿಂದ ಹೋಗಿದ್ರೆ ಎರಡು ಚಿತ್ರ ತಾಳೆಯಾಗ್ದೆ ಗೊತ್ತಾಗ್ತಿತ್ತು. ಆರ್ಸೆಲಿ, ನೀನು ಹೊರಗೆ ನೋಡ್ಲಿಲ್ವಾ?"

"ಪರದೆ ಕಾಣ್ಲಿ ಅಂತ ಕಿಟಕಿ ಮುಚ್ಚಿದ್ದೆ, ಮಾನಾಂಗ್," ಎಂದಳು ಆರ್ಸೆಲಿ. ನಮ್ಮಲ್ಲಿ ಅಕ್ಕನಿಗೆ ಮಾನಾಂಗ್, ಅಣ್ಣನಿಗೆ ಮಾನೋಂಗ್.

"ಅವಳೇ ತಪ್ಪಾಗಿ ಚುಚ್ಚಿರ್ಬೇಕು," ಎಂದ ತೆಬಾನ್ ಮೆಲ್ಲಗೆ. "ಹೊಸಬಳು. ಪಾಪ."

"ಇರ್ಬಹುದಿತ್ತು. ಆದ್ರೆ ಸಾಹೇಬ್ರು ಯಂತ್ರ ಕಸ್ಕೊಂಡು ನೋಡಿದಾಗ ತಂತಿ ಸರಿಯಾಗೇ ಇದ್ವು. ತಪ್ಪು ಮಾಡಿದ್ದು ಗೊತ್ತಿಲ್ದೋರು ಅದನ್ನ ತಿದ್ದೋದು ಹೇಗೆ, ಮಾನೋಂಗ್ ತೆಬಾನ್?"

"ನನ್ನನ್ಯಾಕೆ ಕೇಳ್ತೀಯಮ್ಮ? ಗೋರ್ಯೊ ಇರ್ಲಿಲ್ವಾ?"

"ಗೋರ್ಯೊ ಚುಕ್ಕಾಣಿ ಬಿಟ್ಟು ಏಳ್ಲಿಲ್ಲ. ಬೇಲಿ ಪಕ್ಕದಲ್ಲಿ ಏಳೋ ಧೈರ್ಯ ಅವರಿಗೆಲ್ಲಿ? ಇನ್ನೊಂದು ಮಾತು. ಮುಳುಗುಗಾರರು ಎರಡು ದಿನ ಹುಡುಕಿದ್ರು. ನೀವು ಎಷ್ಟು ಹೊತ್ತು ಹುಡುಕಿದ್ರಿ?"

"ಅನುಭವ ಅಂತ ಒಂದು ಇರುತ್ತೆ..."

"ಅನುಭವ ಇರೋರೂ ಹುಡುಕ್ಲೇಬೇಕು, ಮಾನೋಂಗ್. ನೀವು ಯಂತ್ರ ಇಳಿಸ್ಲಿಲ್ಲ, ಸುತ್ತು ಹಾಕ್ಲಿಲ್ಲ. ಗೋರ್ಯೊ ಹೋದ ದಾರಿಯಿಂದ ಚಿತ್ರ ಬಲಕ್ಕೆ ಎಷ್ಟು ದೂರ ತೋರ್ಸಿತ್ತೋ, ಎಡಕ್ಕೆ ಅಷ್ಟೇ ದೂರ ಹೋಗಿ ಬುರುಡೆ ಎಸೆದ್ರಿ. ಚಿತ್ರ ತಿರುವಿದ್ದು ಗೊತ್ತಿದ್ದೋರಿಗೆ ಮಾತ್ರ ಆ ಜಾಗ ಗೊತ್ತು."

ತೆಬಾನನ ಕುತ್ತಿಗೆಯ ನರ ಉಬ್ಬಿತು.

"ಮರುದನಿ ಓದೋದು ಅವಳಿಗೆ ಕಲ್ಸಿದ್ದು ಯಾರು? ನಾನು! ಈ ಕಿವಿ ಸವೆಸಿ ಕಲ್ಸಿದೆ. ಈಗ ಯಂತ್ರದ ಮುಂದೆ ಅವಳು, ಹಗ್ಗ ಎಳಿಯೋಕೆ ನಾನು! ದಡಕ್ಕೆ ಬಂದ್ರೆ ಎಲ್ರೂ 'ಆರ್ಸೆಲಿ, ಆರ್ಸೆಲಿ'. ಒಂದ್ಸಲ... ಒಂದೇ ಒಂದ್ಸಲ ಅವಳು ಎಡವಿದ್ದನ್ನ ನೋಡ್ಬೇಕಿತ್ತು ನಂಗೆ."

ಅವನು ಹೇಳುವುದು ನನಗೆ ಅಕ್ಷರ ಅಕ್ಷರ ಅರ್ಥವಾಯಿತು. ಅದೇ ನನಗೆ ಹೆದರಿಕೆ ಹುಟ್ಟಿಸಿತು. ಪುರಿತಾಳ ಕಡೆ ನೋಡಲಾಗದೆ ನೆಲ ನೋಡುತ್ತ ನಿಂತೆ.

ಸಾಹೇಬರು, "ಆರ್ಸೆಲಿ, ನಾಳೆ ಎಂದಿನ ಹಾಗೆ ಕೆಲಸಕ್ಕೆ ಬಾ," ಎಂದರು. ಅವಳು ತಲೆಯಾಡಿಸಿದಳು. ಅವಳ ಕಣ್ಣು ಮಾತ್ರ ತೋನ್ಯಾಳ ಮೇಲಿತ್ತು.

"ಅಂಬೋ ಅಲ್ಲೇ ಇದ್ದಾನೆ ಅಂತ ನಿಮಗೆ ಮೊದಲ ದಿನಾನೇ ಗೊತ್ತಿತ್ತಾ, ಮಾನೋಂಗ್?" ತೋನ್ಯಾ ಕೇಳಿದಳು. ದನಿಯಲ್ಲಿ ಸಿಟ್ಟೂ ಇರಲಿಲ್ಲ.

ತೆಬಾನ್ ಮುಖ ತಿರುಗಿಸಿದ. "ಸತ್ತೋನಿಗೆ ಏನವಸರ ಅಂದ್ಕೊಂಡೆ, ತಾಯಿ."

"ಅವನಿಗೆ ಅವಸರ ಇರ್ಲಿಲ್ಲ. ದಡದಲ್ಲಿ ಕಾಯ್ತಾ ಕೂತಿದ್ದೋಳು ನಾನು. ಆವತ್ತೇ ಸಿಕ್ಕಿದ್ರೆ ಮುಖ ನೋಡ್ಬಹುದಿತ್ತಂತೆ. ಈಗ ನೋಡೋ ಹಾಗಿಲ್ಲ ಅಂತ ಪೆಟ್ಟಿಗೆ ಮೊಳೆ ಹೊಡೆದೇ ಕೊಟ್ಟಿದ್ದಾರೆ." ಅವಳು ಎದ್ದು ನಿಂತಳು. "ಒಳಗಿರೋದು ಅಪ್ಪನೇ ಅಂತ ಹೇಗೆ ಗೊತ್ತು ಅಂತ ಮಕ್ಕಳು ಕೇಳ್ತಿದ್ದಾರೆ. ಬನ್ನಿ ಮಾನೋಂಗ್, ನೀವೇ ಬಂದು ಹೇಳಿ."