ಏಳನೆಯ ಕಂಬದ ಬೀಗ

ಇದು ನಡೆದದ್ದು ಮಟಮಟ ಮಧ್ಯಾಹ್ನ. ನಾನು ಕುಡಿದಿರಲಿಲ್ಲ, ಜ್ವರವೂ ಇರಲಿಲ್ಲ.

ಹಳೆಯ ಗಾಳಿಯಂತ್ರಗಳನ್ನು ಬಿಚ್ಚಿ ಹೊಸವನ್ನು ನಿಲ್ಲಿಸುವ ಕೆಲಸ ನಮ್ಮದು. ಅವುಗಳ ಟೊಳ್ಳು ಕಂಬದೊಳಗಿನ ಏಣಿ ಹತ್ತುವ ಪ್ರತಿಯೊಬ್ಬನೂ, ಕೆಳಗಿನಿಂದ ಯಾರೂ ಕರೆಂಟು ಕೊಡದಂತೆ, ಬುಡದ ಸ್ವಿಚ್‌ಬೋರ್ಡಿಗೆ ತನ್ನದೊಂದು ಬೀಗ ಹಾಕಿ, ಕೀಲಿಯನ್ನು ಜೇಬಿಗಿಳಿಸಿ ಹೋಗಬೇಕು. ಇಳಿದ ಮೇಲೆ ಅವನೇ ತೆಗೆಯಬೇಕು, ಬೇರೆಯವರು ಮುಟ್ಟುವಂತಿಲ್ಲ. ಬೀಗವಿದೆ ಎಂದರೆ ಮೇಲೆ ಆಳು ಇದ್ದಾನೆ ಎಂದೇ ಅರ್ಥ.

ಅಂದು ಏಳನೆಯ ಕಂಬದ ಸರದಿ. ನಾವು ನಾಲ್ವರು ಹತ್ತಿದೆವು, ನಾಲ್ವರೂ ಇಳಿದು ನಾಲ್ಕು ಬೀಗ ತೆಗೆದೆವು. ಬೋರ್ಡಿನಲ್ಲಿ ಇನ್ನೊಂದು ಉಳಿದಿತ್ತು.

ನನ್ನ ಬೀಗವನ್ನು ಮತ್ತೆ ಹಾಕಿ ನಾನೇ ಹತ್ತಿ ನೋಡಿದೆ. ಮೇಲೆ ಒಂದು ನರಪಿಳ್ಳೆಯೂ ಇಲ್ಲ. ಇಳಿಯುವಾಗ ಮಾತ್ರ ತಲೆಯ ಮೇಲಿನ ಏಣಿಯಲ್ಲಿ ಟಣ್, ಟಣ್ ಎಂಬ ಸದ್ದು. ನಾನು ನಿಂತರೆ ಅದೂ ನಿಲ್ಲುತ್ತಿತ್ತು.

"ಸದ್ಯ, ಸಿಕ್ಕಿದ್ನಲ್ಲ!" ಎಂದ, ಕಂಬ ಮಲಗಿಸಲು ಬುಡದ ಬಾಗಿಲಲ್ಲಿ ಕಾಯುತ್ತಿದ್ದ ಕ್ರೇನಿನವನು.

"ಯಾರು?"

"ತಮಾಷೆ ಮಾಡ್ತೀಯಾ? ನಿನ್ ಹಿಂದೇನೇ ಇಳೀತಿದ್ನಲ್ಲಪ್ಪ, ಬೂಟು ನೋಡ್ದೆ. ಬೇಗ ಬೀಗ ತೆಗೀರಿ, ಗಾಳಿ ಏಳ್ತಿದೆ."

ತಿರುಗಿ ನೋಡಿದರೆ ಖಾಲಿ ಏಣಿ. ನನ್ನ ಬೀಗ ತೆಗೆದು, ಆ ಇನ್ನೊಂದನ್ನು ಮುಟ್ಟಿದೆ. ನೆರಳಲ್ಲಿದ್ದ ಕಬ್ಬಿಣ ಅಂಗೈಯಷ್ಟು ಬೆಚ್ಚಗಿತ್ತು. ನಮ್ಮಲ್ಲಿ ಒಂದು ಕೀಲಿ ಒಂದೇ ಬೀಗಕ್ಕೆ. ಆದರೂ ಯಾಕೋ ಏನೋ, ನನ್ನ ಕೀಲಿಯನ್ನೇ ತೂರಿಸಿದೆ. ತೆರೆದುಕೊಂಡಿತು.

ಸಂಜೆಯೊಳಗೆ ಕ್ರೇನು ಕಂಬವನ್ನು ಮಲಗಿಸಿತು, ಅದು ಗುಜರಿಗೂ ಹೋಯಿತು. ಬೀಗ ತೆಗೆದವನು ನಾನು. ಹಾಕಿದವನು ಇಳಿದಿದ್ದನೋ ಇಲ್ಲವೋ, ನನಗೆ ಇವತ್ತಿಗೂ ಗೊತ್ತಿಲ್ಲ.