ಹದಿನೇಳನೇ ನಂಬರಿನ ಕೈ

"ಇಲಿ ಮುಟ್ಟಿ ಬಂದ ಕೈಯಲ್ಲಿ ನನಗೆ ಬಡಿಸಬೇಡ!" ಅತ್ತೆ ತಟ್ಟೆಯನ್ನು ಅತ್ತ ತಳ್ಳಿದರು.

ಸೊಸೆ ತಟ್ಟೆಯನ್ನು ಮತ್ತೆ ಅವರ ಮುಂದೆ ಸರಿಸಿದಳು. ಕೈಕಾಲು ನಡುಗುವ ರೋಗಕ್ಕೆ ಮದ್ದು ಹುಡುಕುತ್ತಾ ನೆಲಮಾಳಿಗೆಯ ಪ್ರಯೋಗಾಲಯದಲ್ಲಿ ಐದು ವರ್ಷ ಇಲಿಗಳೊಂದಿಗೆ ಕಳೆದವಳು ಅವಳು. ಆ ಮದ್ದು ಈಗ ಆಸ್ಪತ್ರೆಯಲ್ಲಿ ಮನುಷ್ಯರ ಮೇಲೆ ಪರೀಕ್ಷೆಗೆ ಬಂದಿತ್ತು, ಅದರ ಬೆನ್ನಿಗೆ ಅವಳೂ ಬಂದಿದ್ದಳು. ಇಲಿಯಿಂದ ಮನುಷ್ಯನವರೆಗೆ ಬರುವುದೆಂದರೆ ಹುಡುಗಾಟವೇ? ಅತ್ತೆಗೆ ಅದೆಲ್ಲ ಯಾಕೆ ಬೇಕು! ನಲವತ್ತು ವರ್ಷ ಬಟ್ಟೆ ಹೊಲಿದ ಆ ಹೆಂಗಸಿನ ಬಾಯಿ ಅವರ ಕತ್ತರಿಗಿಂತ ಹರಿತ. ಕಣ್ಣು ಮಂಜಾಯಿತೆಂದು ಹೊಲಿಗೆ ಬಿಟ್ಟ ಮೇಲಂತೂ ಕೇಳುವುದೇ ಬೇಡ.

ರೋಗಿಗಳ ಕೈಯ ವಿಡಿಯೋ ನೋಡಿ ನಡುಕಕ್ಕೆ ಅಂಕ ಹಾಕುವುದು ಸೊಸೆಯ ಹೊಸ ಕೆಲಸ. ಮುಖ ಕಾಣಬಾರದು, ಹೆಸರು ತಿಳಿಯಬಾರದು. ಯಾರಿಗೆ ಮದ್ದು, ಯಾರಿಗೆ ಬರೀ ಸಕ್ಕರೆ ಗುಳಿಗೆ ಎಂಬುದೂ ಗೊತ್ತಾಗಬಾರದು. ಅಂದು ಮಧ್ಯಾಹ್ನ ಹದಿನೇಳನೇ ನಂಬರಿನ ಕೈ ಪರದೆಯ ಮೇಲೆ ಬಂತು. ತೋರುಬೆರಳಿನ ಉಗುರು ನಟ್ಟನಡುವೆ ಸೀಳಿತ್ತು... ಹೊಲಿಗೆ ಯಂತ್ರದ ಸೂಜಿ ಹೊಕ್ಕ ಗುರುತು! ಅದು ಅತ್ತೆಯ ಬೆರಳು. ಅಯ್ಯೋ, ಕೆಟ್ಟಿದ್ದು ಕಣ್ಣಲ್ಲ... ಕೈ!

ಸುಮ್ಮನೆ ಅಂಕ ಹಾಕಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಆ ಕೈ ವಾಸಿಯಾಗಲೆಂದು ಹಂಬಲಿಸುವವಳು ಹಾಕಿದ ಅಂಕವನ್ನು ನಂಬುವುದು ಹೇಗೆ? ಅವಳು ನೇರವಾಗಿ ದೊಡ್ಡ ಡಾಕ್ಟರ ಬಳಿ ಹೋಗಿ ಹೇಳಿಬಿಟ್ಟಳು. ನಿಯಮದಂತೆ ಇಬ್ಬರಲ್ಲಿ ಒಬ್ಬರು ಪರೀಕ್ಷೆಯಿಂದ ಹೊರಗೆ ಹೋಗಬೇಕು.

"ನಾನೇ ಹೋಗ್ತೀನಿ ಸರ್" ಎಂದಳು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ನಾಳೆಯಿಂದ ಮತ್ತೆ ನೆಲಮಾಳಿಗೆಯ ಇಲಿಗಳೇ ಗತಿ.

ಸಂಜೆ ವಿಷಯ ಕೇಳಿ ಅತ್ತೆ ಮಂಚದ ಮೇಲೆ ಕೂತರು.

"ಯಾರಿಗೂ ಹೊರೆ ಆಗಬಾರದು ಅಂತ ಮಗನಿಗೂ ಹೇಳಲಿಲ್ಲ ಕಣೇ... ಸಂಬಂಧಿಕರು ಯಾರಾದ್ರೂ ಇಲ್ಲಿ ಕೆಲಸ ಮಾಡ್ತಾರಾ ಅಂತ ಆಸ್ಪತ್ರೇಲಿ ಕೇಳಿದ್ರು, ಇಲ್ಲ ಅಂದುಬಿಟ್ಟೆ. ನೀನು ಹುಡುಕಿದ ಮದ್ದು ಅಂತ ಗೊತ್ತಿದ್ದೇ ಹೋಗಿದ್ದೆ! ಈಗ ನಾನೇ ಬಿಡ್ತೀನಿ, ನೀನು ವಾಪಸ್ ಹೋಗು."

"ಬೇಡ ಅತ್ತೆ. ಅಂಕ ಹಾಕೋಕೆ ಇನ್ನೊಬ್ಬರು ಸಿಗ್ತಾರೆ. ನಿಮಗೆ ಇನ್ನೊಂದು ಕೈ ಎಲ್ಲಿಂದ ತರಲಿ?"

 ಅತ್ತೆ ಮೆಲ್ಲಗೆ ಕೇಳಿದರು:

"ನನಗೆ ಕೊಡ್ತಿರೋದು ನಿಜವಾದ ಮದ್ದು ತಾನೆ?"

"ಗೊತ್ತಿಲ್ಲ ಅತ್ತೆ."

"ಗೊತ್ತಿಲ್ದೇನೇ... ಬಿಟ್ಟುಬಂದೆಯಾ?"

ಸೊಸೆ ಹೌದೆಂದು ತಲೆಯಾಡಿಸಿದಳು. ನಡುಗುವ ಕೈಯನ್ನು ಹೊದಿಕೆಯಡಿ ಬಚ್ಚಿಡಲು ಹೊರಟ ಅತ್ತೆ, ಅದನ್ನು ಅವಳ ಮಡಿಲಲ್ಲಿ ಇಟ್ಟರು. ಇಟ್ಟ ಮೇಲೂ ಅದು ನಡುಗುತ್ತಲೇ ಇತ್ತು.