ಬಾಯಿಬಿಟ್ಟು ಹೇಳಿದ ಬೆಲೆ

"ನೋಡೋದಾದ್ರೆ ನೋಡು ತಾಯಿ, ಕಣ್ಣು ನಿಂದು. ಬೆಲೆ ಮಾತ್ರ ಬಾಯಿಬಿಟ್ಟು ಹೇಳ್ಬೇಡ," ಎಂದಳು ಸೆಲಿನ್ ಮುದುಕಿ. ಹಳೆಯ ಸಿನಿಮಾ ಸುರುಳಿಗಳಿದ್ದ ತಗಡಿನ ಪೆಟ್ಟಿಗೆಯ ಬೀಗದ ಕೈಯನ್ನು ಅವಳು ಲೇವಿಯಾಳ ಕೈಗೆ ಕೊಡಲಿಲ್ಲ. ನೆಲದ ಮೇಲಿಟ್ಟು ಎರಡು ಹೆಜ್ಜೆ ಹಿಂದೆ ಸರಿದಳು.

ಲೇವಿಯಾ ನಕ್ಕಳು. "ಬೆಲೆ ಹೇಳೋದೇ ನನ್ನ ಕಸುಬು ಅಜ್ಜಿ. ಮೀನು ಹಿಡಿಯೋನಿಗೆ ನೀರು ಮುಟ್ಬೇಡ ಅಂತೀಯಲ್ಲ!"

"ನಗು, ನಗು. ವಿಲಾ ಪೇಟೆಯೋರಿಗೆ ಎಲ್ಲಾ ನಗೆಯೇ. ಆ ಸುರುಳೀಲಿರೋದು ನಮ್ಮ ಕುಣಿತ. ನಮ್ಮ ಅಂಬ್ರಿಮ್‌ ದ್ವೀಪದಲ್ಲಿ ಕುಣಿತಕ್ಕೆ ಯಾರೂ ಬೆಲೆ ಕಟ್ಟಲ್ಲ. ಕೋರೆ ಸುತ್ತಿದ ಹಂದಿ ತಂದು ಗೂಟಕ್ಕೆ ಕಟ್ಟಿ, ಬಾಯಿ ಮುಚ್ಕೊಂಡು ಹೋಗ್ತಾರೆ. ಇಷ್ಟು ಅಂತ ಯಾರ ಬಾಯಲ್ಲಿ ಬಂತೋ, ತೀರಿಸೋದೂ ಅವರೇ. ಆಮೇಲೆ ಹಂದಿ ಕೊಟ್ರೆ ಒಪ್ಪಲ್ಲ."

"ಮತ್ತೇನು ಕೊಡ್ಬೇಕಂತೆ?"

ಮುದುಕಿ ಬಾಗಿಲಲ್ಲಿ ನಿಂತಿದ್ದ ತನ್ನ ಅಣ್ಣನ ಮಗ ರೂಬೆನ್ನನ ಮುಖ ನೋಡಿದಳು. "ನಮ್ಮತ್ತೆಗೆ ಅರುಳುಮರುಳು. ನೀನು ತೆಗಿ," ಎಂದು ರೂಬೆನ್ನನೂ ನಕ್ಕ. ಆ ನಗು ತುಸು ತಡವಾಗಿ ಬಂದಿತ್ತು. ಲೇವಿಯಾ ಅದನ್ನು ಗಮನಿಸಲಿಲ್ಲ. ಹನ್ನೆರಡು ವರ್ಷ ಜೊತೆಗೆ ದುಡಿದವನ ನಗುವನ್ನು ಯಾರು ತಾನೇ ಅಳೆದು ನೋಡುತ್ತಾರೆ?

ಹಳೆಯ ಚಿತ್ರಸುರುಳಿಗಳ ವ್ಯವಹಾರದಲ್ಲಿ ಈ ಜೋಡಿಯನ್ನು ಅರಿಯದವರು ರಾಜಧಾನಿ ಪೋರ್ಟ್ ವಿಲಾದಲ್ಲಿ ಇರಲಿಲ್ಲ. ಹುಡುಕುವ ಕಾಲು ರೂಬೆನ್ನನದು, ತೂಗುವ ಕಣ್ಣು ಲೇವಿಯಾಳದು. ಪಾದ್ರಿಗಳ ಅಟ್ಟ, ತೋಟದ ದೊರೆಗಳ ಹಾಳು ಉಗ್ರಾಣ, ಎಲ್ಲಿ ಡಬ್ಬಿ ಇದ್ದರೂ ಅವನು ಮೂಸಿಕೊಂಡು ಹೋಗುತ್ತಿದ್ದ. ಅವಳು ಮೊದಲ ಮೂರು ಅಡಿ ಬಿಚ್ಚಿ ಬೆಳಕಿಗೆ ಹಿಡಿದರೆ ಮುಗಿಯಿತು. ಅಂಚಿನಲ್ಲಿ ಸಾಸಿವೆಯಷ್ಟು ಚಿಕ್ಕದಾಗಿ ಅಚ್ಚಾದ ಗುರುತು ನೋಡಿ ಯಾವ ವರ್ಷದ್ದೆಂದು ಹೇಳುವಳು. ಇನ್ನೊಂದು ಪ್ರತಿ ಜಗತ್ತಿನಲ್ಲಿ ಎಲ್ಲಾದರೂ ಇದೆಯೇ, ಇಲ್ಲವೇ, ಅದನ್ನೂ ಹೇಳುವಳು. ತಪ್ಪಿದ್ದು ಒಂದು ಸಲವೂ ಇಲ್ಲ. ಆ ಕಣ್ಣುಗಳೇ ಅವಳ ಅನ್ನ, ಅವುಗಳೇ ಅವಳ ಹಮ್ಮು.

ಗಂಡನಿಲ್ಲ, ಮಕ್ಕಳಿಲ್ಲ. ಇದ್ದದ್ದು ರೂಬೆನ್ನನ ಮಗಳು ನೆಟಿ. ದೀಕ್ಷಾಸ್ನಾನದ ದಿನ ಎತ್ತಿಕೊಂಡವಳು ಲೇವಿಯಾ, ಅಂದಿನಿಂದ ಕೆಳಗೆ ಇಳಿಸಿದವಳೇ ಅಲ್ಲ ಎಂದು ಜನ ಆಡಿಕೊಳ್ಳುತ್ತಿದ್ದರು. ಒಂಬತ್ತು ವರ್ಷದ ಆ ಹುಡುಗಿಗೆ ಹೊಸವರ್ಷದ ಹೊತ್ತಿಗೆ ಎಡಗಣ್ಣು ಹೋಗಿತ್ತು. ಈಸ್ಟರ್ ಕಳೆಯುವಷ್ಟರಲ್ಲಿ ಬಲಗಣ್ಣಿಗೂ ಮಬ್ಬು. ವಿಲಾದ ವೈದ್ಯರು ಕಣ್ಣಿನಲ್ಲಿ ದೋಷವೇ ಇಲ್ಲವೆಂದರು. ಲೇವಿಯಾ ತಾನೇ ಸಮುದ್ರದಾಚೆಯ ನುಮೆಯಾದ ದೊಡ್ಡ ಆಸ್ಪತ್ರೆಗೆ ಕರೆದೊಯ್ದಳು, ಅಲ್ಲಿಯೂ ಅದೇ ಮಾತು. "ನಮ್ಮ ಮನೆತನದ ಕಾಯಿಲೆ. ತಾತನಿಗೂ ಹೀಗೇ ಆಯ್ತು, ಅಪ್ಪನಿಗೂ ಹೀಗೇ," ಎಂದಿದ್ದ ರೂಬೆನ್. ಅಷ್ಟೇ ಹೇಳಿದ್ದ.

ಪೆಟ್ಟಿಗೆಯಿದ್ದ ಹಾಳು ಉಗ್ರಾಣದೊಳಗೆ ಹಳಸಿದ ಕೊಬ್ಬರಿಯ ಜಿಡ್ಡು ವಾಸನೆ. ಗುಡ್ಡದ ಮೇಲಿನ ಜ್ವಾಲಾಮುಖಿಯ ಬೆಂಕಿಬಾಯಿ ಮುಂಜಾನೆಯಿಂದ ಗೊಣಗುತ್ತಿತ್ತು. ತಗಡಿನ ಮಾಡಿನ ಮೇಲೆ ಬೂದಿ ಸರಸರ ಉದುರುತ್ತಿತ್ತು. ಮಧ್ಯಾಹ್ನವಾದರೂ ಬೆಳಕು ಕಂದಿತ್ತು. ಹಾಗೆಂದು ದೀಪ ಹಚ್ಚುವಂತಿಲ್ಲ. ಆ ಕಾಲದ ಸುರುಳಿಗೆ ಒಂದು ಕಿಡಿ ತಾಗಿದರೆ ನೀರೊಳಗೆ ಮುಳುಗಿಸಿದರೂ ಉರಿಯುತ್ತದೆ. ಲೇವಿಯಾ ಬಾಗಿಲ ಬಳಿ ಬಿಳಿಬಟ್ಟೆ ಹಾಸಿ ಕುಳಿತಳು.

ಆರು ಡಬ್ಬಿಗಳು ಸತ್ತಿದ್ದವು. ಮುಚ್ಚಳ ತೆಗೆದರೆ ಬೆವರಿದ ಕಾಲ್ಚೀಲದ ನಾತ, ಒಳಗೆ ಕಂದುಪುಡಿ, ಅಂಟು. ಏಳನೆಯ ಡಬ್ಬಿಗೆ ನಮೆಲೆ ಎಲೆ ಬಿಗಿದಿತ್ತು. ಮುಟ್ಟಬೇಡ ಎನ್ನುವುದಕ್ಕೆ ಈ ದ್ವೀಪಗಳಲ್ಲಿ ಕಟ್ಟುವ ಎಲೆ ಅದು, ಹಾಲುಹಲ್ಲಿನ ಮಕ್ಕಳಿಗೂ ಗೊತ್ತು. ಎಲೆ ಹಸಿಯಾಗಿತ್ತು. ನೂರು ವರ್ಷದ ಡಬ್ಬಿಗೆ ಹಸಿ ಎಲೆ ಯಾರು ಕಟ್ಟಿದರು ಎಂದು ಲೇವಿಯಾ ಕೇಳಲಿಲ್ಲ. ಕತ್ತರಿಯಿಂದ ಕಚಕ್ಕನೆ ಕತ್ತರಿಸಿದಳು. ಹೊರಗೆ ಹೋಗಿ ನಿಂತಿದ್ದ ಮುದುಕಿ ಹೆಗಲ ಮೇಲಿನ ಬಟ್ಟೆಯನ್ನು ಮುಖಕ್ಕೆ ಎಳೆದುಕೊಂಡಳು.

ಸುರುಳಿ ನಿನ್ನೆ ತೊಳೆದು ಒಣಗಿಸಿದಂತಿತ್ತು. ನಾತವಿಲ್ಲ, ಅಂಟಿಲ್ಲ. ಅದಕ್ಕೆ ಆಗತಾನೇ ಕೊಯ್ದ ಹಂದಿಯ ಬಿಸಿ ವಾಸನೆಯಿತ್ತು.

ಅವಳು ಭೂತಗನ್ನಡಿ ಹಿಡಿದು ಮೂರು ಅಡಿ ಬಿಚ್ಚಿದಳು. "ರೂಬೆನ್, ಇದು ಪ್ರತಿ ಅಲ್ವೋ! ಕ್ಯಾಮೆರಾದೊಳಗೇ ಓಡಿದ ಮೂಲ ನೆಗೆಟಿವ್. ಇನ್ನೊಂದು ಇರೋಕೆ ಸಾಧ್ಯಾನೇ ಇಲ್ಲ." ನೆಗೆಟಿವ್‌ನಲ್ಲಿ ಎಲ್ಲವೂ ತಿರುಗುಮುರುಗು. ಮಸಿ ಬಳಿದುಕೊಂಡ ಕುಣಿತದವರು ಬೆಳ್ಳಗೆ ಹೊಳೆಯುತ್ತಿದ್ದರು. ಆಕಾಶ ಕಪ್ಪು. ಸಾಲಾಗಿ ಹನ್ನೊಂದು ಜನ, ಎಲ್ಲರ ಬೆನ್ನು ಇತ್ತ. ಅವರಾಚೆ ನಿಲ್ಲಿಸಿದ ಮರದ ತಮಟೆಗಳು.

"ಎಷ್ಟಾಗುತ್ತೆ?" ರೂಬೆನ್ ಕೇಳಿದ.

ಅವಳು ಪೆನ್ಸಿಲ್ ತೆಗೆದಳು. ಬೆಲೆಯನ್ನು ಚೀಟಿಯಲ್ಲಿ ಬರೆದು ಅವನ ಮುಂದೆ ತಳ್ಳುವುದು ಅವಳ ಹನ್ನೆರಡು ವರ್ಷದ ರೂಢಿ.

"ಬರೀಬೇಡ. ಹೇಳು."

"ಯಾಕೋ? ಕಣ್ಣಿಗೆ ಕನ್ನಡಕ ಬೇಕಾ?"

"ನಿನ್ನ ಬಾಯಲ್ಲಿ ಕೇಳ್ಬೇಕು ಅನ್ನಿಸ್ತಿದೆ. ಹೇಳು ಲೇವಿ."

ಲೇವಿಯಾಳಿಗೆ ತುಂಟತನ ಬಂತು. ಹೊರಗಿನ ಮುದುಕಿಗೂ ಕೇಳಿಸಲಿ ಎಂದು ಗಂಟಲೆತ್ತಿ ಕೂಗಿದಳು: "ನಲವತ್ತು ಲಕ್ಷ ವಾತು!"

ಮಾಡಿನ ಮೇಲಿನ ಸರಸರ ನಿಂತಿತು. ಬೆಂಕಿಬಾಯಿಯ ಗೊಣಗಾಟವೂ ನಿಂತಿತು. ರೂಬೆನ್ ಗೋಡೆಗೆ ಒರಗಿ ಕುಳಿತ. ಲೇವಿಯಾ ಅವನತ್ತ ನೋಡದೆ ಸುರುಳಿಯನ್ನು ಇನ್ನೊಂದು ಗೇಣು ಎಳೆದಳು.

ಚಿತ್ರದಲ್ಲಿ ಒಬ್ಬ ತಲೆ ತಿರುಗಿಸಿದ್ದ.

ಇನ್ನೊಂದು ಗೇಣು. ಈಗ ನಾಲ್ವರು ತಿರುಗಿದ್ದರು. ಮತ್ತೊಂದು ಗೇಣು. ಹನ್ನೊಂದು ಮುಖ. ಎಲ್ಲವೂ ಗಾಜಿನತ್ತ. ಕಣ್ಣಿನ ಬಿಳಿ ಕಪ್ಪಾಗಿ, ಕಣ್ಣಿನ ಕಪ್ಪು ಬೆಳ್ಳಗೆ ಸೂಜಿಮೊನೆಯಾಗಿ. ಬಿಡಬೇಕೆಂದುಕೊಂಡಳು. ಬೆರಳು ಬಿಡಲಿಲ್ಲ. ಬೆರಳುಗಳೇ ಎಳೆದವು. ಡಂ. ಎಲ್ಲೋ ತಮಟೆ. ಡಂ. ಡಬ್ಬಿಯೊಳಗೇ! ಡಂ. ಹಂದಿಯ ಬಿಸಿ ವಾಸನೆ ಮೂಗಿಗೆ ಅಡರಿತು. ಮುಖಗಳು ದೊಡ್ಡದಾದವು. ಒಂದೇ ಮುಖವಾಯಿತು. ಒಂದೇ ಕಣ್ಣಾಯಿತು. ಆ ಕಣ್ಣು ಗಾಜಿನ ಆಚೆಯಿಂದ ಗಾಜಿಗೆ ತಾಗಿ ನಿಂತಿತು.

ಭೂತಗನ್ನಡಿ ಕೈಜಾರಿತು.

ತಲೆಯೆತ್ತಿದಳು. ಬಾಗಿಲಾಚೆ ಆಕಾಶ ಕಪ್ಪಾಗಿತ್ತು. ನೆಲದ ಕರಿಬೂದಿ ಹಿಮದಂತೆ ಬೆಳ್ಳಗಿತ್ತು. ರೂಬೆನ್ನನ ಕಪ್ಪು ಮುಖ ಸುಣ್ಣ ಬಳಿದಂತೆ ಬೆಳ್ಳಗೆ, ಅವನ ಹಲ್ಲುಗಳು ಇದ್ದಿಲು. ಕಣ್ಣುಜ್ಜಿದಳು. ಮತ್ತೆ ಉಜ್ಜಿದಳು. ಅಂಚಿನಿಂದ ಒಂದು ಮಬ್ಬು ಒಳಗೆ ತೆವಳುತ್ತಿತ್ತು.

"ರೂಬೆನ್, ನನ್ನ ಕಣ್ಣು... ಏನೋ ಆಗ್ತಿದೆ ಕಣೋ!"

ಅವನು ಎದ್ದು ಬರಲಿಲ್ಲ. ಮೊಣಕಾಲಲ್ಲಿ ಮುಖ ಹುದುಗಿಸಿ ಬಿಕ್ಕುತ್ತಿದ್ದ. "ನಮ್ಮ ತಾತ ಈ ಚಿತ್ರ ತೆಗೆದ ಬಿಳಿಯನ ಪೆಟ್ಟಿಗೆ ಹೊತ್ತಿದ್ದ. ಕುಣಿತಕ್ಕೆ ಎಷ್ಟು ಅಂತ ಬಿಳಿಯ ಕೇಳ್ದ. ಇಷ್ಟು ಕಟ್ಟು ತಂಬಾಕು ಅಂದ ನಮ್ಮ ತಾತ. ಅಷ್ಟೇ ಅಂದಿದ್ದು. ಅವತ್ತಿಂದ ನಮ್ಮ ಮನೇಲಿ ಒಬ್ಬರಾದ್ಮೇಲೆ ಒಬ್ಬರ ಕಣ್ಣು... ನನ್ನ ಬಿಟ್ಟು ನೆಟೀನ ಹಿಡೀತು."

ಲೇವಿಯಾಳಿಗೆ ಅರ್ಥವಾಯಿತು. "ನಿಂಗೆ ಗೊತ್ತಿತ್ತು."

"ಗೊತ್ತಿತ್ತು."

"ಬರೀಬೇಡ ಅಂದಿದ್ದು ಅದಕ್ಕೇನಾ?"

"ನೆಟಿಗೆ ಇನ್ನೂ ಒಂಬತ್ತು ವರ್ಷ ಲೇವಿ..."

"ನಂಗೆ ಹೇಳ್ಬಹುದಿತ್ತಲ್ಲೋ! ಒಂದು ಮಾತು! ಹೀಗಿದೆ ಲೇವಿ ಅಂತ!" ಕೇಳಿದ್ದರೆ ತಾನು ಒಪ್ಪುತ್ತಿದ್ದೆನೇ? ಅವಳಿಗೇ ಗೊತ್ತಿಲ್ಲ. ಅವನು ಕೇಳಲಿಲ್ಲ ಎನ್ನುವುದೇ ಅವಳನ್ನು ಸುಡುತ್ತಿತ್ತು. ಇಷ್ಟು ವರ್ಷ ಒಂದೇ ತಟ್ಟೆಯಲ್ಲಿ ಲಪ್‌ಲಪ್ ಎಂಬ ಗೆಣಸಿನ ಕಡುಬು ಹಂಚಿಕೊಂಡು ತಿಂದವನು, ಹಂದಿಯನ್ನು ಗೂಟಕ್ಕೆ ಕಟ್ಟುವಂತೆ ಅವಳನ್ನು ತಂದು ಕಟ್ಟಿದ್ದ.

ಬಾಗಿಲಾಚೆಯಿಂದ ಮುದುಕಿ ಮೆಲ್ಲಗೆ ಹೇಳಿದಳು, "ಬಿಡಿಸ್ಕೋಬೇಕಾದ್ರೆ ಇನ್ನೊಂದು ಬಾಯಿ ಅದಕ್ಕೆ ಬೆಲೆ ಹೇಳ್ಬೇಕು. ಯಾರ ಬಾಯಾದ್ರೂ ಸರಿ. ಎಲ್ಲಿದ್ರೂ ಸರಿ."

ಲೇವಿಯಾ ತೆವಳಿಕೊಂಡು ಹೋಗಿ ರೂಬೆನ್ನನ ಅಂಗಿ ಹಿಡಿದಳು. "ಹೇಳು. ಒಂದು ವಾತು ಅನ್ನು. ನಿಂದು ನೀನೇ ಹೊರು. ಹೇಳೋ!"

ರೂಬೆನ್ ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡ. ಅಳುತ್ತಲೇ ತಲೆಯಾಡಿಸಿದ. ಅವನನ್ನು ಗುದ್ದಿದಳು, ಪರಚಿದಳು. ಅವನು ಹೊಡೆಸಿಕೊಂಡ, ಬಾಯಿ ಮಾತ್ರ ಬಿಡಲಿಲ್ಲ.

ಆಗ ಅವನ ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ಅವನ ಕೈಗಳು ಬಾಯಿಯ ಮೇಲಿದ್ದವು. ಲೇವಿಯಾ ಕಿತ್ತುಕೊಂಡಳು.

"ಅಪ್ಪಾ! ಅಪ್ಪಾ! ಕಿಟಕಿ ಪರದೆ ಮೇಲೆ ಹೂವಿದೆ! ಹಳದಿ ಹೂವು! ನಂಗೆ ಕಾಣ್ತಿದೆ!"

"ನೆಟಿ," ಎಂದಳು ಲೇವಿಯಾ.

"ಲೇವಿ ಅತ್ತೆ! ಎರಡೂ ಕಣ್ಣಲ್ಲಿ ಕಾಣ್ತಿದೆ ಅತ್ತೆ! ಏನು ಸಿಕ್ತು ನಿಮ್ಗೆ? ಒಳ್ಳೇ ಸುರುಳಿ ಸಿಕ್ತಾ? ತಡಿ, ತಡಿ, ನೀನು ಹೇಳ್ಬೇಡ, ಬೆಲೆ ನಾನು ಹೇಳ್ತೀನಿ!"

ಬೆಲೆ ಊಹಿಸುವುದು ಅತ್ತೆ-ಮಗುವಿನ ಆಟ. ಪ್ರತಿ ಸುರುಳಿಗೂ ಆಡುತ್ತಿದ್ದರು. ರೂಬೆನ್ ಚೀರಿ ಫೋನಿನ ಮೇಲೆ ಹಾರಿದ. ಲೇವಿಯಾ ಒದ್ದಳು. ಅವನು ಡಬ್ಬಿಗಳ ಮೇಲೆ ಬಿದ್ದ. "ಲೇವಿ, ಬೇಡ! ಕಾಲಿಗೆ ಬೀಳ್ತೀನಿ!"

ಮಬ್ಬು ಈಗ ನಡುವಿನವರೆಗೆ ಬಂದಿತ್ತು. ಬಾಗಿಲಿನಷ್ಟಿದ್ದ ಬೆಳಕು ಕಿಟಕಿಯಷ್ಟಾಯಿತು. ಕಿಟಕಿ ನಾಣ್ಯದಷ್ಟಾಯಿತು. ಸುಮ್ಮನಿದ್ದರೆ ಸಾಕು. ತಾನು ಏನೂ ಮಾಡಬೇಕಿಲ್ಲ. ಸುಮ್ಮನೆ ಉಸಿರು ಹಿಡಿದರೆ ಸಾಕು, ಕಣ್ಣು ಮರಳಿ ಬರುತ್ತದೆ.

"ಹೇಳ್ಲಾ ಅತ್ತೆ? ಹೇಳಿಬಿಡ್ಲಾ?"

"ಬೇಡ ಮಗಾ," ಎಂದಳು ಲೇವಿಯಾ. "ಏನೂ ಸಿಗ್ಲಿಲ್ಲ. ಡಬ್ಬಿ ತೆಗೆದ್ರೆ ಎಲ್ಲಾ ಪುಡಿ."

"ಅಯ್ಯೋ! ಒಂದೂ ಇಲ್ವಾ?"

"ಒಂದೂ ಇಲ್ಲ. ನೀನು ಪರದೆ ಮೇಲೆ ಎಷ್ಟು ಹೂವಿದೆ ನೋಡಿ ಎಣಿಸು."

ನೆಟಿ ಎಣಿಸತೊಡಗಿದಳು. ಲೇವಿಯಾ ಬಾಗಿಲತ್ತ ಮುಖ ಮಾಡಿ ಕುಳಿತು ಉಳಿದ ನಾಣ್ಯದಷ್ಟು ಬೆಳಕನ್ನೇ ದಿಟ್ಟಿಸಿದಳು. ಮಗು ಹದಿನೇಳು ಎನ್ನುವಾಗ ಅದು ಇತ್ತು. ಇಪ್ಪತ್ತಮೂರು ಎನ್ನುವಾಗ ಇರಲಿಲ್ಲ. ಹುಡುಗಿ ಮುಗಿಸುವವರೆಗೂ ಕೇಳಿಸಿಕೊಂಡು, ಜಾಣೆ ಎಂದು ಹೇಳಿ ಫೋನು ಕೆಳಗಿಟ್ಟಳು.

ಉಗ್ರಾಣದಿಂದ ದೋಣಿಗೆ ಹೋಗುವ ದಾರಿ ಕಡಿದಾದ ಬಂಡೆಯ ಇಳಿಜಾರು. ಮೇಲೆ ಹೊಸ ಬೂದಿ, ಜಾರುತ್ತದೆ. ಮುದುಕಿಯನ್ನು ಕರೆದಳು. ಶಾಪ ತಾಗಿದವರನ್ನು ಮುಟ್ಟಲು ಒಪ್ಪದೆ ಅವಳು ಆಗಲೇ ಊರಿನತ್ತ ನಡೆದಿದ್ದಳು. ಲೇವಿಯಾ ಗೋಡೆ ತಡವಿ ಎದ್ದು ನಾಲ್ಕು ಹೆಜ್ಜೆ ಇಟ್ಟಳು. ಹೊಸ್ತಿಲು ಎಡವಿ ಬಿದ್ದಳು.

"ಕೈ ಕೊಡು ಲೇವಿ," ಎಂದ ರೂಬೆನ್, ಪಕ್ಕದಲ್ಲೇ.

ಅವಳು ಬೂದಿ ಕೊಡವಿಕೊಂಡು ಹೊಸ್ತಿಲ ಮೇಲೆ ಕುಳಿತಳು. ಕೆಳಗಿನಿಂದ ದೋಣಿಯವನು ಹೊತ್ತಾಯಿತೆಂದು ಎರಡು ಸಲ ಕೂಗಿದ.

"ದೋಣಿ ಮುಟ್ಟೋವರೆಗೂ ಬಾಯಿ ಬಿಡ್ಬೇಡ. ಒಂದು ಮಾತೂ ಬೇಡ," ಎಂದು ಹೇಳಿ, ಗಾಳಿಯಲ್ಲಿ ತಡಕಾಡಿ, ಲೇವಿಯಾ ಅವನ ಕೈಯನ್ನೇ ಹಿಡಿದುಕೊಂಡಳು.